ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕ ದೋಣಿ: ಹುಬ್ಬಳ್ಳಿ ಮಂದಿಗೆ

ದೋಣಿಗೆ 5ಕ್ಕ 4 ಅಂಕ. ಒಂದು ಅಂಕ ಕಡಿಮಿ ಆಗಿದ್ದು, ದ್ವೀಪದಾಗ ನಿಲ್ಲಾಕ ಸಿಗೋ ವ್ಯಾಳ್ಯಾ ಅಲ್ಲಿಯ ಲಾವಾ ಕಲ್ಲಿನ ಕಂಬ ನೋಡಾಕ ಸಾಲೂದಿಲ್ಲ ಅನ್ನೂದಕ್ಕ.

ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಆಗಿಲ್ಲ. ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕುಂದಾಪುರ ಹಿಡಿದು ರಸ್ತಾದಾಗ ಹೋಗಬೇಕು. ರಾತ್ರಿ ಬಿಟ್ಟರ ಮುಂಜಾನಿ ಉಡುಪಿ, ದೋಣಿ ಹತ್ತೂ ಮಲ್ಪೆ ಅಲ್ಲೇ ಹತ್ತಿರ. ಘಟ್ಟದ ತಿರುವಿನಾಗ ಹೊಟ್ಟಿ ತೊಳಸೋರು ಮುಂದಿನ ಸೀಟು ಹಿಡೀರಿ. ಮಳಿಗಾಲದಾಗ ದೋಣಿ ಬಂದ್. ಉಳಿದ ತಿಂಗಳದಾಗೂ ಗಾಳಿ ಎದ್ದರ ಬಿಡೂದಿಲ್ಲ, ಅದಕ್ಕ ಹೊರಡೂ ಮೊದಲ ಫೋನ್ ಮಾಡಿ ಕೇಳ್ರಿ. ವಾರದ ನಡುವ ಮಂದಿ ತುಂಬೂ ತನಕ ಕಾಯಬೇಕಾಗ್ತೈತಿ. ದಾಟಾಕ ಹೆಚ್ಚಂದ್ರ ಅರ್ಧ ತಾಸು. ವಾಪಸ್ ದೋಣಿ ಎಷ್ಟೊತ್ತಿಗೆ ಅಂತ ಹತ್ತುವಾಗಲೇ ಕೇಳಿ ಇಟ್ಕೊರಿ.

ಇಳಿದ ಕೂಡಲೇ ನೀರಿನ ಕಡಿ ಓಡಬ್ಯಾಡ್ರಿ, ಮೊದಲ ಕಲ್ಲು ನೋಡ್ರಿ. 5, 6, 7 ಮೂಲಿಯ ಕಂಬ ಒತ್ತೊತ್ತಾಗಿ ನಿಂತಾವು, ಮ್ಯಾಲಿಂದ ನೋಡಿದರ ಫರಸಿ ಹಾಸಿದಂಗ. ಯಾರೂ ಕೆತ್ತಿದ್ದಲ್ಲ. ಕುದಿಯೋ ಲಾವಾ ಆರುವಾಗ ಕುಗ್ಗಿ, ಬಿರಿದು, ಆ ಬಿರುಕು ಒಳಗಿಳಿದು ಆದ ಕಂಬ. ನರಗುಂದದ ಎರಿ ಹೊಲ ಬ್ಯಾಸಗಿಯೊಳಗ ಬಿರಿಯೂದನ್ನ ನೋಡಿದವರಿಗೆ ಇದು ಥಟ್ಟನ ತಿಳೀತೈತಿ. ಸುಮಾರು 8.8 ಕೋಟಿ ವರ್ಷದ ಹಿಂದ, ಮಡಗಾಸ್ಕರ್ ನಮ್ಮ ನೆಲದಿಂದ ಹರಕೊಂಡು ಹೋಗೂ ಕಾಲದ ಕಲ್ಲಿದು. ಭಾಳ ಮಂದಿ ಬಸಾಲ್ಟ್ ಅಂತಾರ, ತಪ್ಪು. ಇದು ಸಿಲಿಕಾ (ಮರಳಿನಾಗ ಇರೋ ಖನಿಜ) ಹೆಚ್ಚಿರೋ ಲಾವಾ ಕಲ್ಲು, ರಯೋಲೈಟ್, ಡೇಸೈಟ್ ಜಾತಿ. ಬಸಾಲ್ಟ್ ಅಂದ್ರ ಬೆಳಗಾವಿ ಕಡಿಯ ದಖ್ಖನ್ ಕರಿಕಲ್ಲು, ಅದು ಇದಕ್ಕಿಂತ ಸುಮಾರು 2 ಕೋಟಿ ವರ್ಷ ಸಣ್ಣದು. ಜ್ವಾಲಾಮುಖಿಯ ಬಾಯಿ ಹುಡುಕಬ್ಯಾಡ್ರಿ, ಇಲ್ಲಿ ಇಲ್ಲ. ಇಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಬಗ್ಗೆ ದೋಣಿಯೊಳಗ ಯಾರರ 5 ನಿಮಿಷ ಹೇಳಿದ್ದರ ಎಷ್ಟು ಚಂದ ಇತ್ತು! 1498ರಾಗ ವಾಸ್ಕೋ ಡ ಗಾಮ ಇಲ್ಲಿ ಶಿಲುಬಿ ನೆಟ್ಟು ದ್ವೀಪಕ್ಕ ಮೇರಿ ಮಾತೆಯ ಹೆಸರಿಟ್ಟ ಅಂತಾರ.

ದಂಡಿ ಮ್ಯಾಲೆ ಮರಳಿಗಿಂತ ಚಿಪ್ಪಿನ ಚೂರು ಹೆಚ್ಚು, ಬರಿಗಾಲು ಕೊಯ್ತೈತಿ. ಹಿಂದ ಪಟ್ಟಿ ಇರೋ ಚಪ್ಪಲಿ ಹಾಕ್ಕೊರಿ. ಅಲಿ ಬಡಿಯೋ ಕರಿ ಬಂಡಿಗಲ್ಲಿನ ಮ್ಯಾಲೆ ಪಾಚಿ ಇರ್ತೈತಿ, ಫೋಟೋ ಸಲುವಾಗಿ ಅಂಚಿಗೆ ಹೋದವರೇ ಜಾರೂದು. ಈಜಾಕ ಇದು ಜಾಗ ಅಲ್ಲ. ತೆಂಗಿನ ಗಿಡ ಬಿಟ್ಟರ ನೆರಳು ಕಡಿಮಿ, ಮೊದಲನೇ ದೋಣಿಗೇ ಹೋಗ್ರಿ. ವಸತಿ ಇಲ್ಲ, ನಾಷ್ಟಾ ಮಲ್ಪೆಯೊಳಗೇ ಮುಗಿಸಿ, ತುಂಬಿದ ನೀರಿನ ಬಾಟ್ಲಿ ಒಯ್ದು ಖಾಲಿ ಬಾಟ್ಲಿ ತಪ್ಪದ ವಾಪಸ್ ತರ್ರಿ.