ತಗಡಿನ ಮನೆ ಕೊಳ್ಳುವ ಮೊದಲು ಅದರ ಅಡಿಗೆ ಬಗ್ಗಿ ನೋಡಿ

ಅಣ್ಣಿಗೇರಿ ಹತ್ತಿರದ ನಮ್ಮ ಹೊಲದಲ್ಲಿ ಅಪ್ಪ-ಅವ್ವ ಸುಗ್ಗಿ ಕಾಲಕ್ಕೆ ಉಳಿಯಲು ಒಂದು ಮನೆ ಬೇಕಿತ್ತು. ತಗಡಿನ ರೆಡಿಮೇಡ್ ಕ್ಯಾಬಿನ್ ಆದರೆ ಒಂದೇ ದಿನದ ಕೆಲಸ ಅಂದರು. ಹುಬ್ಬಳ್ಳಿಯ ಒಂದು ಯಾರ್ಡಿನಲ್ಲಿ 20 ಅಡಿ ಉದ್ದ, 10 ಅಡಿ ಅಗಲದ ಹಳೆಯ ಕ್ಯಾಬಿನ್ ತೋರಿಸಿದರು. ಒಳಗಿನ ಪ್ಲೈವುಡ್ಡಿನ ಹೊಳಪಿಗೆ ಮರುಳಾಗಿ ಅಡ್ವಾನ್ಸ್ ಕೊಟ್ಟೆವು. ಅಡಿಯ ಚಾನೆಲ್, ಅಂದರೆ ಇಡೀ ಕ್ಯಾಬಿನ್ ಹೊರುವ ಕಬ್ಬಿಣದ ತೊಲೆ, ತುಕ್ಕು ತಿಂದಿತ್ತು, ಮೇಲೆ ಹೊಸ ಬಣ್ಣ. ಬಗ್ಗಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಆ 10 ಅಡಿ ಅಗಲವೇ ಮೊದಲ ಪೆಟ್ಟು. ರಸ್ತೆ ಮೇಲೆ ವಾಹನದ ಅಗಲ 2.6 ಮೀಟರ್, ಅಂದರೆ ಸುಮಾರು ಎಂಟೂವರೆ ಅಡಿ ದಾಟುವಂತಿಲ್ಲ. ಹಡಗಿನ ಕಂಟೇನರ್ 8 ಅಡಿ ಇರುವುದರಿಂದ ಟ್ರೇಲರ್ ಮೇಲೆ ಸಲೀಸಾಗಿ ಕೂಡುತ್ತದೆ. ನಮ್ಮದು ಎರಡೂ ಬದಿ ಚಾಚಿತ್ತು. ಇಂಥದಕ್ಕೆ ಬೇರೆ ಪರವಾನಗಿ ಬೇಕೆಂದು ಮಾರಿದವರು ಹೇಳಲೇ ಇಲ್ಲ. ‘ರಾತ್ರಿ ಹಾಕ್ಕೊಂಡ್ ಹೋಗ್ತೀವಿ ಬಿಡ್ರಿ’ ಅಂದರು. ಹೊಲದ ದಾರಿಯಲ್ಲಿ ಕರೆಂಟಿನ ತಂತಿ ಜೋತು ಬಿದ್ದಿತ್ತು. ಒಬ್ಬ ಹುಡುಗ ಬಿದಿರು ಗಳ ಹಿಡಿದು ಅದನ್ನು ಎತ್ತಲು ಹೊರಟ. ಕೂಗಿ, ಓಡಿ ಹೋಗಿ ಇಳಿಸಿದೆ.

ಇಳಿಸುವಾಗ ಕ್ರೇನಿಗೆ ಗಿಡ್ಡ ಬೆಲ್ಟ್ ಕಟ್ಟಿದರು. ಬೆಲ್ಟ್ ಗಿಡ್ಡವಾದಷ್ಟೂ ಅಡ್ಡ ಮಲಗುತ್ತದೆ, ಎತ್ತುವುದರ ಜೊತೆಗೆ ಮೂಲೆಗಳನ್ನು ಒಳಕ್ಕೆ ಜಗ್ಗುತ್ತದೆ. ನೆಲಮಟ್ಟಕ್ಕೆ 30 ಡಿಗ್ರಿಯಷ್ಟು ಮಲಗಿದರೆ ಅದರ ಮೇಲಿನ ಎಳೆತ ನೆಟ್ಟಗೆ ತೂಗಿದಾಗಿನ ಎರಡು ಪಟ್ಟು. ಮೇಲೊಂದು ಉದ್ದನೆಯ ಬೀಮ್ ಕೊಟ್ಟು ಬೆಲ್ಟನ್ನು ನೇರ ಇಳಿಬಿಡಬೇಕಿತ್ತು. ಲಟ್ಟೆಂದು ಸದ್ದಾಯಿತು. ಕಿಟಕಿಗೆ ತಗಡು ಕೊರೆದವರು ಸುತ್ತ ಬಾಕ್ಸ್ ಪೈಪಿನ ಚೌಕಟ್ಟು ಕೊಟ್ಟಿರಲಿಲ್ಲ. ಆ ಮೂಲೆಯಲ್ಲಿ ವೆಲ್ಡಿಂಗ್ ಬಿಟ್ಟಿತ್ತು.

ನಮ್ಮದು ಅಪ್ಪಟ ಎರೆ ಹೊಲ, ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ‘ತಗಡಿನ ಮನಿಗೆ ಪಾಯಾ ಯಾಕ್ರಿ’ ಎಂದು ಆ ಮಣ್ಣಿನ ಮೇಲೆಯೇ ಸಿಮೆಂಟ್ ಬ್ಲಾಕ್ ಇಟ್ಟು ಕೂಡಿಸಿ ಹೋದರು. ಅಪ್ಪ ಬೇಡ ಅಂದಿದ್ದರು, ನಾನೇ ಕೇಳಲಿಲ್ಲ. ಮುಂಗಾರಿಗೆ ನೀರು ಕುಡಿದ ಅಂಚಿನ ಮಣ್ಣು ಎದ್ದಿತು, ನಡುವಿನದು ಒಣಗಿಯೇ ಉಳಿಯಿತು. ಬಾಗಿಲು ಸಿಕ್ಕಿಕೊಂಡಿತು, ನೆಲದ ಸಿಮೆಂಟ್ ಬೋರ್ಡ್ ಸೀಳಿತು.

ಇವೆಲ್ಲ ದುಡ್ಡಿನ ನಷ್ಟ. ಒಂದು ಮಳೆ ಸಂಜೆ ಒದ್ದೆ ಕೈಯಲ್ಲಿ ಬಾಗಿಲು ಮುಟ್ಟಿದ ಅವ್ವನಿಗೆ ಜುಮ್ಮೆಂದಿತು. ಇಡೀ ಮನೆ ಕಬ್ಬಿಣ, ಅರ್ಥಿಂಗ್ ಮಾತ್ರ ಇಲ್ಲ! ನೆನೆದರೆ ಈಗಲೂ ಮೈ ನಡುಗುತ್ತದೆ. ಅವತ್ತೇ ಲೈನ್ ತೆಗೆಸಿದೆ. ಅರ್ಥಿಂಗ್ ಗುಂಡಿ ತೋಡಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿದ ಮೇಲೆಯೇ ಮತ್ತೆ ದೀಪ ಹಚ್ಚಿದ್ದು. ಕ್ಯಾಬಿನ್ ಕೊಂಡು ಇಟ್ಟಿರುವವರು ಇದೊಂದನ್ನು ಇವತ್ತೇ ನೋಡಿಸಿ.

ಈಗ ಎರೆ ಪದರ ದಾಟಿ ಗಟ್ಟಿ ಗರಸು ಸಿಗುವ ತನಕ ತೋಡಿ, ಪಕ್ಕದಲ್ಲೇ ಆರು ಕಾಂಕ್ರೀಟ್ ಕಂಬ ಎಬ್ಬಿಸಿದ್ದೇವೆ. ಹಸಿ ಹೊಲದಲ್ಲಿ ಕ್ರೇನ್ ಹೂತು ಹೋಗುತ್ತದೆ. ಕಡ್ಲಿ ಕಿತ್ತ ಮೇಲೆ ಕ್ಯಾಬಿನ್ನನ್ನು ಆ ಕಂಬಗಳ ಮೇಲೆ ಎತ್ತಿಸಬೇಕು. ಬೀಮ್ ತರುವವರನ್ನೇ ಗೊತ್ತು ಮಾಡಿದ್ದೇನೆ.