ಅಗರಬತ್ತಿ ಮಷಿನ್ 'ಬೈಬ್ಯಾಕ್': ದುಡ್ಡು ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

"ಮಷಿನ್ ತಗೊಳ್ಳಿ, ಪುಡಿ-ಕಡ್ಡಿ ನಾವೇ ಕೊಡ್ತೀವಿ, ಹೊಡೆದ ಬತ್ತಿ ನಾವೇ ವಾಪಸ್ ಕೊಳ್ತೀವಿ." ಈ ಮಾತಿಗೆ ಯಾರೂ ದುಡ್ಡು ಕಟ್ಟಬೇಡಿ. ನನ್ನದೇ 1.35 ಲಕ್ಷ ಹೋಗಿದೆ. ಲೆಕ್ಕ ಬರುತ್ತಿದ್ದೂ ಹೋಗಿದೆ, ಅದೇ ನಾಚಿಕೆ.

ಮಷಿನ್ ಮಾರಿದ ಕಂಪನಿಯವರು ಬರೆದುಕೊಟ್ಟದ್ದು ನೋಡಿ. ಒಂದು ಕೆ.ಜಿ. ಕಚ್ಚಾ (ಸೆಂಟ್ ಹಾಕದ) ಬತ್ತಿಗೆ 300 ಗ್ರಾಂ ಬಿದಿರು ಕಡ್ಡಿ, 700 ಗ್ರಾಂ ಪುಡಿ. ಕಡ್ಡಿ ಕೆ.ಜಿ.ಗೆ 130, ಪುಡಿ 48. ಮಾಲಿಗೆ 73 ರೂಪಾಯಿ ಆಯ್ತು. ಬೈಬ್ಯಾಕ್ 90. ಉಳಿಯೋದು 17. ದಿನಕ್ಕೆ 80 ಕೆ.ಜಿ., ತಿಂಗಳಿಗೆ 40 ಸಾವಿರ! ಕೆ.ಜಿ.ಗೆ ಸುಮಾರು 1,100 ಬತ್ತಿ. ನಿಮಿಷಕ್ಕೆ 150 ಹೊಡೆಯೋ ಮಷಿನ್ 80 ಕೆ.ಜಿ. ಕೊಡಬೇಕಾದ್ರೆ ಹತ್ತು ಗಂಟೆ ಎಲ್ಲೂ ನಿಲ್ಲಬಾರದು. ನಿಲ್ಲದೆ ಇರುತ್ತಾ? ಕಡ್ಡಿ ದಪ್ಪ ಒಂದೇ ಸಮ ಇಲ್ಲದಿದ್ರೆ ಸಿಕ್ಕಿಕೊಳ್ಳುತ್ತೆ. ನೀರು ಹೆಚ್ಚಾದ್ರೆ ಬತ್ತಿ ಬಾಗುತ್ತೆ. ಜಿಗಟ್ (ಅಂಟಿಗೆ ಹಾಕೋ ಪುಡಿ) ಕಮ್ಮಿ ಇದ್ರೆ ಒಣಗಿದ ಮೇಲೆ ಪುಡಿ ಉದುರುತ್ತೆ. ದಿನಕ್ಕೆ ಬಂದದ್ದು 30 ಕೆ.ಜಿ., ಅಂದ್ರೆ 510 ರೂಪಾಯಿ. ಅದರಲ್ಲಿ ಕೂಲಿ, ಕರೆಂಟು, ಮುರಿದ ಬತ್ತಿ ಕಳೀರಿ.

ಇನ್ನು ಅವರ ಉತ್ತರಗಳು. ಮೊದಲ ಲಾಟ್: "ಒಣಗಿಲ್ಲ ಸಾರ್." ಒಣಗಿಸಿ ಕಳಿಸಿದ್ರೆ: "ಬಣ್ಣ ಸರಿ ಇಲ್ಲ." ಪುಡಿ ಕೊಟ್ಟೋರು ಅವರೇ! ಮೂರನೇ ಸಲ: "ಮಾರ್ಕೆಟ್ ಡೌನ್ ಇದೆ." ಕರಾರು ಮುಂದೆ ಹಿಡಿದ್ರೆ: "ಐದನೇ ಕಲಂ ಓದಿ ಸಾರ್." ಓದಿದ್ರೆ, 'ಕಂಪನಿಯ ಗುಣಮಟ್ಟಕ್ಕೆ ಒಪ್ಪಿಗೆಯಾದ ಮಾಲು ಮಾತ್ರ'. ತೇವಾಂಶ ಎಷ್ಟಿರಬೇಕು, ಮುರಿದದ್ದು ನೂರಕ್ಕೆ ಎಷ್ಟು ನಡೆಯುತ್ತೆ, ಒಂದೂ ಬರೆದಿಲ್ಲ. ಒಂದೂ ಇಲ್ಲ. ಸಹಿ ಹಾಕುವಾಗ ಕಣ್ಣು ಎಲ್ಲಿತ್ತೋ! ಮಷಿನ್ ಮಾರಿದ ದಿನವೇ ಅವರ ಲಾಭ ಮುಗಿದಿತ್ತು, ಬತ್ತಿ ಅವರಿಗೆ ಬೇಕಾಗೇ ಇರಲಿಲ್ಲ.

'ಉದ್ಯಮ್ ಸರ್ಟಿಫಿಕೇಟ್ ಖರ್ಚು' ಅಂತ 3,500 ಬೇರೆ ಕಿತ್ತುಕೊಂಡ್ರು. 2020ರ ಜುಲೈನಲ್ಲಿ ಶುರುವಾದ ಉದ್ಯಮ್, ಅಂದ್ರೆ ಸಣ್ಣ ಉದ್ದಿಮೆಗಳ ನೋಂದಣಿ, ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ರೆ ಮನೆಯಲ್ಲೇ ಆಗುತ್ತೆ.

ಮಷಿನ್‌ಗೆ ಮುಂಚೆ ಅವರ ಪುಡಿ ಐದು ಕೆ.ಜಿ. ತಂದು, ಮಷಿನ್ ಇರೋರ ಹತ್ರ ಹೊಡೆಸಿ, ಬೆಂಗಳೂರು, ಮೈಸೂರಿನ ಸೆಂಟ್ ಹಾಕೋ ಕಾರ್ಖಾನೆಯಲ್ಲಿ ರೇಟು ಕೇಳಿ. ಬಿಲ್‌ನ ಜಿಎಸ್‌ಟಿ ನಂಬರ್ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ನನಗೆ ಸಿಕ್ಕಿದ್ದು ಬಿಲ್ ಅಲ್ಲ, 'ಎಸ್ಟಿಮೇಟ್' ಅಂತ ಬರೆದ ಚೀಟಿ. ಕಲಿಯೋದಕ್ಕೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಊಟ-ವಸತಿ ಸಮೇತ ಉಚಿತ. ಇಂಥೋರಿಗೆ ಟ್ರೇನಿಂಗ್ ಫೀ ಯಾಕೆ?

ಹೋದ ವಾರ ಅದೇ ನಂಬರಿಂದ ಫೋನ್: "ನಮ್ಮದು ಬೈಬ್ಯಾಕ್ ಅಲ್ವಾ ಸಾರ್, ಮಷಿನ್ 35 ಸಾವಿರಕ್ಕೆ ವಾಪಸ್ ತಗೋತೀವಿ."