ಮಾತ್ರೆ, ಅಂಟುಪಟ್ಟಿ, ಜೆಲ್, ಸ್ಪ್ರೇ: ಹಾರ್ಮೋನು ಚಿಕಿತ್ಸೆಯ ಹಲವು ದಾರಿಗಳನ್ನು ಬಳಸಿ ನೋಡಿದ ಮೇಲೆ

ಮುಟ್ಟು ನಿಲ್ಲುವ ಕಾಲದ ಸಂಕಟಗಳಿಗೆ ಹಾರ್ಮೋನು ಚಿಕಿತ್ಸೆ ಬೇಕೇ ಬೇಡವೇ ಎಂಬುದರ ಬಗ್ಗೆ ಕನ್ನಡದಲ್ಲಿ ಅಷ್ಟಿಷ್ಟು ಬರಹಗಳಿವೆ. ಬೇಕು ಎಂದು ತೀರ್ಮಾನವಾದ ಮೇಲೆ ಅದನ್ನು ಯಾವ ರೂಪದಲ್ಲಿ ತೆಗೆದುಕೊಳ್ಳಬೇಕು ಎಂದು ಹೇಳುವವರು ಕಡಿಮೆ. ನಾನು ಶಿವಮೊಗ್ಗದವಳು, ಇಂಗ್ಲೆಂಡಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ನಲವತ್ತೆಂಟರ ಸುಮಾರಿಗೆ ಶುರುವಾದ ಚಿಕಿತ್ಸೆ ಈಗಲೂ ನಡೆಯುತ್ತಿದೆ. ಮಾತ್ರೆ, ಅಂಟುಪಟ್ಟಿ, ಜೆಲ್, ಸ್ಪ್ರೇ ಇವಿಷ್ಟನ್ನೂ ಒಂದೊಂದು ಕಾಲದಲ್ಲಿ ತಿಂಗಳುಗಟ್ಟಲೆ ಬಳಸಿದ್ದೇನೆ. ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಾಲದಲ್ಲಿ ದೇಹದಲ್ಲಿ ಇಳಿಯುವ ಹಾರ್ಮೋನಾದ ಈಸ್ಟ್ರೊಜೆನ್ ಚರ್ಮದ ಮೂಲಕ, ಅದರಲ್ಲೂ ಜೆಲ್ ರೂಪದಲ್ಲಿ, ಗರ್ಭಕೋಶವನ್ನು ಕಾಯುವ ಪ್ರೊಜೆಸ್ಟೆರಾನ್ ರಾತ್ರಿ ಮಲಗುವ ಮುನ್ನ ಕ್ಯಾಪ್ಸೂಲಿನಲ್ಲಿ. ನಾನು ವೈದ್ಯಳಲ್ಲ. ಸ್ತನ ಕ್ಯಾನ್ಸರ್ ಬಂದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ಓದಿ ಏನನ್ನೂ ಶುರುಮಾಡಬಾರದು.

ಇಲ್ಲಿ ನಾನು ಹೇಳುತ್ತಿರುವ ಈಸ್ಟ್ರೊಜೆನ್ ಎಂದರೆ ಎಸ್ಟ್ರಡಿಯಾಲ್. ನಮ್ಮ ಅಂಡಾಶಯ ತಯಾರಿಸುತ್ತಿದ್ದುದೂ ಇದನ್ನೇ. ಈಗ ಗೆಣಸಿನ ಜಾತಿಯ ಗಡ್ಡೆ, ಸೋಯಾ ಮುಂತಾದ ಸಸ್ಯಮೂಲಗಳಿಂದ ಪ್ರಯೋಗಾಲಯದಲ್ಲಿ ತಯಾರಾಗುತ್ತದೆ. ನಮ್ಮ ಅಮ್ಮಂದಿರ ಕಾಲಕ್ಕೆ ಹಾರ್ಮೋನು ಚಿಕಿತ್ಸೆ ಎಂದರೆ ಬಹುಮಟ್ಟಿಗೆ ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮಾತ್ರೆ ಮತ್ತು ಅದರ ಜೊತೆಗೆ ಪ್ರೊಜೆಸ್ಟೆರಾನಿನಂತೆ ಕೆಲಸ ಮಾಡುವ ಕೃತಕ ಪ್ರೊಜೆಸ್ಟಿನ್. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಅರ್ಧಕ್ಕೇ ನಿಂತು ಜಗತ್ತಿಗೆಲ್ಲ ಸ್ತನ ಕ್ಯಾನ್ಸರಿನ ಭಯ ಹುಟ್ಟಿಸಿದ್ದು ಆ ಜೋಡಿಯ ವಿಚಾರದಲ್ಲಿ. ಅದರಲ್ಲಿ ಭಾಗವಹಿಸಿದ ಮಹಿಳೆಯರ ಸರಾಸರಿ ವಯಸ್ಸು 63. ನಲವತ್ತೆಂಟರ ಹೆಂಗಸೊಬ್ಬಳು ಚರ್ಮಕ್ಕೆ ಹಚ್ಚಿಕೊಳ್ಳುವ ಎಸ್ಟ್ರಡಿಯಾಲನ್ನು ಆ ಅಧ್ಯಯನ ಪರೀಕ್ಷಿಸಿರಲೇ ಇಲ್ಲ. ಹಾಗೆಂದು ಇದು ಸಂಪೂರ್ಣ ನಿರಪಾಯ ಎಂದು ನಾನು ಹೇಳುವುದಿಲ್ಲ. ಎರಡೂ ಹಾರ್ಮೋನುಗಳನ್ನು ಸೇರಿಸಿ ವರ್ಷಾನುಗಟ್ಟಲೆ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಏರುತ್ತದೆ. ದೇಹದ್ದೇ ರೂಪದ ಪ್ರೊಜೆಸ್ಟೆರಾನಿನಲ್ಲಿ ಆ ಏರಿಕೆ ಕಡಿಮೆ ಇರಬಹುದೆಂದು ಫ್ರಾನ್ಸಿನ ದೀರ್ಘಕಾಲದ ಸಮೀಕ್ಷೆಗಳು ಸೂಚಿಸಿವೆ. ಆದರೂ ಅಪಾಯ ಇದ್ದೇ ಇರುವುದರಿಂದ ನಾನು ಪ್ರತಿ ಸಲ ಕರೆ ಬಂದಾಗಲೂ ಸ್ತನ ತಪಾಸಣೆಗೆ ತಪ್ಪದೆ ಹೋಗುತ್ತೇನೆ.

ನನ್ನ ಚಿಕಿತ್ಸೆ ಶುರುವಾದದ್ದು ಮಾತ್ರೆಯಿಂದ. ದಿನಕ್ಕೊಂದು ಮಾತ್ರೆ, ಒಂದು ಲೋಟ ನೀರು. ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುವುದು ಕೆಲವೇ ವಾರಗಳಲ್ಲಿ ತಗ್ಗಿತು. ಆದರೆ ನುಂಗಿದ ಎಸ್ಟ್ರಡಿಯಾಲ್ ರಕ್ತಕ್ಕೆ ಸೇರುವ ಮೊದಲು ಯಕೃತ್ತನ್ನು ಹಾದುಹೋಗಬೇಕು. ಅಲ್ಲಿ ಬಹುಪಾಲು ಎಸ್ಟ್ರೋನ್ ಎಂಬ ದುರ್ಬಲ ರೂಪಕ್ಕೆ ತಿರುಗುತ್ತದೆ. ಹೋಗುವ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚು ತಯಾರಿಸುವಂತೆ ಯಕೃತ್ತನ್ನು ಪ್ರಚೋದಿಸುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರೆಯಲ್ಲಿ ಸ್ವಲ್ಪ ಹೆಚ್ಚುವುದು ಇದರಿಂದ. ಸಾಮಾನ್ಯ ಪ್ರಮಾಣದ ಪಟ್ಟಿ ಅಥವಾ ಜೆಲ್‌ನಲ್ಲಿ ಆ ಹೆಚ್ಚಳ ಕಂಡುಬಂದಿಲ್ಲ. ತೂಕ ಹೆಚ್ಚಿರುವವರು, ಮನೆಯಲ್ಲಿ ಯಾರಿಗಾದರೂ ಹೀಗೆ ಹೆಪ್ಪುಗಟ್ಟಿದ್ದವರು, ವರ್ಷಕ್ಕೊಮ್ಮೆ ಹತ್ತು ಗಂಟೆ ವಿಮಾನದಲ್ಲಿ ಕಾಲು ಮಡಿಸಿ ಕೂರುವ ನಮ್ಮಂಥವರು ಈ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ನನಗೆ ಇದರ ಜೊತೆಗೆ ಹಳೆಯ ಮೈಗ್ರೇನ್ ಇತ್ತು. ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ರಕ್ತದ ಹಾರ್ಮೋನು ಏರಿ ಇಳಿಯುತ್ತದೆ. ಆ ಏರಿಳಿತಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ವೈದ್ಯೆ ಪಟ್ಟಿಗೆ ಬದಲಾಯಿಸಿದರು.

ಪಟ್ಟಿ ನಿಜಕ್ಕೂ ಒಳ್ಳೆಯ ಔಷಧಿ. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ, ಪಾರದರ್ಶಕವಾದ ಹಾಳೆ. ಸೊಂಟದಿಂದ ಕೆಳಗೆ, ಪಿರ್ರೆ ಅಥವಾ ತೊಡೆಯ ಮೇಲ್ಭಾಗದಲ್ಲಿ ಅಂಟಿಸಿ ವಾರಕ್ಕೆ ಎರಡು ಸಲ ಬದಲಾಯಿಸುವುದು. 50 ಎಂದು ಬರೆದಿದ್ದರೆ ದಿನಕ್ಕೆ 50 ಮೈಕ್ರೋಗ್ರಾಂ ಒಳಗೆ ಇಳಿಯುತ್ತದೆ, ಹೆಚ್ಚುಕಡಿಮೆ ಒಂದೇ ಸಮನೆ. ನನ್ನ ಮೈಗ್ರೇನ್ ಇಳಿದದ್ದು ಪಟ್ಟಿಯ ಕಾಲದಲ್ಲಿ, ಆ ಉಪಕಾರವನ್ನು ಮರೆಯಲಾರೆ. ದಿನವೂ ನೆನಪಿಡುವ ಕೆಲಸವಿಲ್ಲ. ಮೈಗ್ರೇನ್ ಇರುವವರಿಗೆ, ಮರೆವು ಹೆಚ್ಚಿರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ತೊಂದರೆ ಎಲ್ಲ ನಮ್ಮ ಬಟ್ಟೆ, ನಮ್ಮ ಹವೆ, ನಮ್ಮ ಸ್ನಾನಕ್ಕೆ ಸಂಬಂಧಿಸಿದ್ದು. ಸೀರೆ ಉಡುವವರಿಗೆ ಲಂಗದ ಲಾಡಿ ಬಿಗಿಯುವ ಜಾಗಕ್ಕೆ ಹತ್ತಿರ ಅಂಟಿಸಿದರೆ ಅಂಚು ಮಡಚಿಕೊಂಡು ಮೇಲೇಳುತ್ತದೆ. ಎದ್ದ ಅಂಚಿಗೆ ಬಟ್ಟೆಯ ನೂಲು ಅಂಟಿ ಕಪ್ಪು ಚೌಕಟ್ಟಾಗುತ್ತದೆ. ಅದನ್ನು ತೆಗೆಯಲು ಸೋಪು ಸಾಲದು, ಹತ್ತಿಯಲ್ಲಿ ಎಣ್ಣೆ ಅದ್ದಿ ಒರೆಸಬೇಕು. ಎಣ್ಣೆ ಹಚ್ಚಿ ಸ್ನಾನ ಮಾಡಿದ ದಿನ ಹೊಸ ಪಟ್ಟಿ ನಿಲ್ಲುವುದಿಲ್ಲ. ದೀಪಾವಳಿಯ ಅಭ್ಯಂಜನವನ್ನು ಪಟ್ಟಿ ಬದಲಾಯಿಸುವ ದಿನದ ಜೊತೆ ಹೊಂದಿಸಿಕೊಳ್ಳಬೇಕಾಗಿ ಬಂತು ಎಂದರೆ ಊಹಿಸಿಕೊಳ್ಳಿ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಬೆವರಿಗೆ ಪಟ್ಟಿ ಜಾರಿತು. ನಮ್ಮ ಗೋಧಿ ಬಣ್ಣದ ಚರ್ಮದಲ್ಲಿ ಅಂಟಿಸಿದ ಜಾಗ ಕೆಂಪಗಾಗಿ, ಆಮೇಲೆ ಚೌಕಾಕಾರದ ಕಂದು ಕಲೆಯಾಗಿ ಬಹುಕಾಲ ಉಳಿಯುತ್ತದೆ. ಪ್ರತಿ ಸಲ ಜಾಗ ಬದಲಾಯಿಸಿದರೆ ಕಲೆ ಕಡಿಮೆ. ಎದೆಯ ಮೇಲೆ ಅಥವಾ ಹತ್ತಿರ ಎಂದೂ ಅಂಟಿಸಬಾರದು.

ಈಗ ಜೆಲ್. ನನ್ನ ಚಿಕಿತ್ಸೆಯ ಹೆಚ್ಚಿನ ಕಾಲ ಕಳೆದಿರುವುದು ಇದರಲ್ಲೇ. ಪಂಪಿನ ಬಾಟಲಿಯಲ್ಲಿ ಬರುವ ಈಸ್ಟ್ರೋಜೆಲ್ ಎಂಬ ಹೆಸರಿನ ಜೆಲ್ 80 ಗ್ರಾಂ ಇರುತ್ತದೆ. ಒಮ್ಮೆ ಒತ್ತಿದರೆ 1.25 ಗ್ರಾಂ ಜೆಲ್, ಅದರಲ್ಲಿ 0.75 ಮಿಲಿಗ್ರಾಂ ಎಸ್ಟ್ರಡಿಯಾಲ್. ಬಾಟಲಿಗೆ 64 ಸಲ ಒತ್ತಬಹುದು. ಹೆಚ್ಚಿನವರಿಗೆ ದಿನಕ್ಕೆ ಎರಡು ಸಲ ಒತ್ತಿದಷ್ಟು ಸಾಕಾಗುತ್ತದೆ, ಅಂದರೆ ಬಾಟಲಿ ಸುಮಾರು ಒಂದು ತಿಂಗಳು. ಸ್ಥೂಲವಾಗಿ ಇದು 50ರ ಪಟ್ಟಿಗೆ ಸಮ. ಭುಜದಿಂದ ಮಣಿಕಟ್ಟಿನವರೆಗೆ ತೆಳ್ಳಗೆ ಹರಡಬೇಕು. ತಿಕ್ಕಿ ತಿಕ್ಕಿ ಇಂಗಿಸುವ ಅಗತ್ಯವಿಲ್ಲ. ಐದು ನಿಮಿಷದೊಳಗೆ ಒಣಗುತ್ತದೆ, ವಾಸನೆಯೂ ಹೋಗುತ್ತದೆ. ಒಂದು ಗಂಟೆ ಅಲ್ಲಿ ನೀರು, ಕ್ರೀಮು, ಸನ್‌ಸ್ಕ್ರೀನ್ ತಾಗಿಸಬಾರದು.

ಜೆಲ್‌ನ ದೊಡ್ಡ ಗುಣವೆಂದರೆ ಪ್ರಮಾಣವನ್ನು ಸೂಕ್ಷ್ಮವಾಗಿ ಹೊಂದಿಸಬಹುದು. ಬಿಸಿ ಅಲೆಗಳು, ಅಂದರೆ ಇದ್ದಕ್ಕಿದ್ದಂತೆ ಮೈ ಕಾಯ್ದು ಬೆವರುವುದು, ಮತ್ತೆ ಶುರುವಾದಾಗ ವೈದ್ಯೆಯೊಂದಿಗೆ ಮಾತನಾಡಿ ಒಂದು ಒತ್ತು ಹೆಚ್ಚಿಸಿದೆವು. ಸ್ತನ ಬಿಗಿದು ನೋಯುವಾಗ ಅರ್ಧಕ್ಕೆ ಇಳಿಸಿದೆವು. ಹೊಸ ಚೀಟಿ, ಹೊಸ ಪಟ್ಟಿ, ಮತ್ತೆ ಕಾಯುವುದು ಇಲ್ಲ. ಮೇ ತಿಂಗಳ ಶಿವಮೊಗ್ಗದಲ್ಲೂ ಅದು ಜಾರಿ ಬೀಳಲಿಲ್ಲ. ಕಲೆಯೂ ಇಲ್ಲ. ನೂರು ಮಿಲಿಲೀಟರಿನ ಮಿತಿಯೊಳಗೆ ಇರುವುದರಿಂದ ವಿಮಾನದ ಕೈಚೀಲದಲ್ಲೂ ಬರುತ್ತದೆ.

ಎಚ್ಚರಿಕೆಗಳೂ ಇವೆ, ಇವುಗಳ ಬಗ್ಗೆ ನನಗೆ ಕಾಳಜಿ ಇದೆ. ಜೆಲ್‌ನಲ್ಲಿ ಮದ್ಯಸಾರವಿದೆ, ಹೊತ್ತಿಕೊಳ್ಳುತ್ತದೆ. ಬೆಳಿಗ್ಗೆ ಸ್ನಾನ ಮುಗಿಸಿ ತೋಳಿಗೆ ಹಚ್ಚಿಕೊಂಡು ನೇರವಾಗಿ ದೇವರ ದೀಪ ಹಚ್ಚಲು ಹೋಗಬೇಡಿ, ಒಲೆಯ ಮುಂದೆ ನಿಲ್ಲಬೇಡಿ. ಪೂರ್ತಿ ಒಣಗಲಿ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು: ಹಚ್ಚಿದ ತೋಳಿನಲ್ಲಿ ಮಗುವನ್ನು ಎತ್ತಿಕೊಂಡರೆ ಹಾರ್ಮೋನು ಅದರ ಮೈಗೆ ದಾಟುತ್ತದೆ. ಎಸ್ಟ್ರಡಿಯಾಲ್ ಸ್ಪ್ರೇ ಹೀಗೆ ದಾಟಿ ಪುಟ್ಟ ಮಕ್ಕಳಲ್ಲಿ ಸ್ತನ ಬೆಳೆದ ಪ್ರಕರಣಗಳ ಬಗ್ಗೆ ಔಷಧಿ ನಿಯಂತ್ರಕರೇ ಎಚ್ಚರಿಸಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರು ತೊಡೆಯ ಒಳಭಾಗಕ್ಕೆ ಹಚ್ಚಿ ಬಟ್ಟೆ ಮುಚ್ಚುವುದು ಒಳ್ಳೆಯದು. ಇನ್ನು ಕೆಲವರ ಚರ್ಮ ಜೆಲ್ಲನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಪ್ರಮಾಣ ಏರಿಸಿದರೂ ಲಕ್ಷಣ ತಗ್ಗದಿದ್ದರೆ ರಕ್ತದ ಎಸ್ಟ್ರಡಿಯಾಲ್ ಪರೀಕ್ಷೆ ಮಾಡಿಸಲು ಕೇಳಿ. 2022ರ ವಸಂತದಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಜೆಲ್ ಸಿಗದೆ, ಒಮ್ಮೆಗೆ ಮೂರು ತಿಂಗಳಿಗಿಂತ ಹೆಚ್ಚು ಕೊಡಬಾರದೆಂದು ಸರ್ಕಾರ ಮಿತಿ ಹಾಕಿತ್ತು.

ನಾನು ಸ್ಪ್ರೇ ಬಳಸಿದ್ದು ಆ ಕೊರತೆಯ ದಿನಗಳಲ್ಲಿ. ಮುಂಗೈಯ ಒಳಭಾಗಕ್ಕೆ ಒಂದರಿಂದ ಮೂರು ಸಲ ಸಿಂಪಡಿಸಿ ಎರಡು ನಿಮಿಷ ಬಿಟ್ಟರೆ ಮುಗಿಯಿತು. ಜೆಲ್‌ಗಿಂತ ಬೇಗ ಒಣಗುತ್ತದೆ, ಅಂಟು ಇಲ್ಲ. ಬಳೆಗಳನ್ನು ಮೇಲೆ ಸರಿಸಿಕೊಳ್ಳಬೇಕು. ಕೆಲಸಕ್ಕೆ ಓಡುವವರಿಗೆ ಹಿಡಿಸುತ್ತದೆ. ನನಗೆ ಅದರಲ್ಲಿ ರಾತ್ರಿಯ ಬೆವರು ಪೂರ್ತಿ ನಿಲ್ಲಲಿಲ್ಲ.

ಗರ್ಭಕೋಶ ಇರುವ ಹೆಂಗಸು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳುವಂತಿಲ್ಲ. ಒಳಪೊರೆ ದಪ್ಪಗಾಗುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಅದನ್ನು ತಡೆಯುವುದು ಪ್ರೊಜೆಸ್ಟೆರಾನ್. ಮುಟ್ಟು ನಿಂತು ವರ್ಷ ಕಳೆದವರಿಗೆ ಸಾಮಾನ್ಯವಾಗಿ ಪ್ರತಿ ರಾತ್ರಿ 100 ಮಿಲಿಗ್ರಾಂ, ಇನ್ನೂ ಮುಟ್ಟಾಗುತ್ತಿರುವವರಿಗೆ ತಿಂಗಳಲ್ಲಿ ಹನ್ನೆರಡು ರಾತ್ರಿ 200 ಮಿಲಿಗ್ರಾಂ. ಊಟವಾಗಿ ಸಾಕಷ್ಟು ಹೊತ್ತಿನ ಮೇಲೆ, ಹಾಸಿಗೆಗೆ ಹೋಗುವಾಗ ನುಂಗಬೇಕು, ಏಕೆಂದರೆ ನಿದ್ದೆ ತರುತ್ತದೆ. ನನಗಂತೂ ಇದು ವರವಾಯಿತು. ಮೂರು ಗಂಟೆಗೆ ಎಚ್ಚರವಾಗಿ ಸೂರು ನೋಡುತ್ತಾ ಮಲಗುವ ಕಾಲ ಮುಗಿಯಿತು. ಕೆಲವರಿಗೆ ಬೆಳಿಗ್ಗೆಯೂ ತೂಕಡಿಕೆ, ಮಂಕು, ಹೊಟ್ಟೆಯುಬ್ಬರ ಉಳಿಯುತ್ತದೆ. ಅಂಥವರಿಗೆ ಅದೇ ಕ್ಯಾಪ್ಸೂಲನ್ನು ಯೋನಿಯ ಮೂಲಕ ಬಳಸುವಂತೆ ಇಲ್ಲಿನ ವೈದ್ಯರು ಹೇಳುವುದುಂಟು. ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಕ್ಯಾಪ್ಸೂಲಿನ ಹೊರಕವಚ ಪ್ರಾಣಿಮೂಲದ ಜೆಲಟಿನ್. ನಾನು ಬಹಳ ಯೋಚಿಸಿ ಒಪ್ಪಿಕೊಂಡೆ. ಒಪ್ಪದವರಿಗೆ ಗರ್ಭಕೋಶದೊಳಗೆ ಇಡುವ, ಕಾಪರ್-ಟಿಯಂಥ ಹಾರ್ಮೋನು ಕಾಯಿಲ್ ಇದೆ. ಅದರಲ್ಲಿರುವುದು ಲೆವೊನೊರ್ಜೆಸ್ಟ್ರೆಲ್ ಎಂಬ ಕೃತಕ ಪ್ರೊಜೆಸ್ಟಿನ್, ಒಳಪೊರೆಯ ರಕ್ಷಣೆಗೆ ಅದೂ ಗಟ್ಟಿಯಾದದ್ದೇ. ಅಂತರ್ಜಾಲದಲ್ಲಿ ಮಾರುವ ಪ್ರೊಜೆಸ್ಟೆರಾನ್ ಕ್ರೀಮುಗಳನ್ನು ಮಾತ್ರ ಈ ರಕ್ಷಣೆಗೆ ನಂಬಬೇಡಿ. ಒಳಪೊರೆಯನ್ನು ಕಾಯುವಷ್ಟು ಹಾರ್ಮೋನು ಅವುಗಳಿಂದ ಖಚಿತವಾಗಿ ಒಳಗೆ ಹೋಗುವುದಿಲ್ಲ.

ಸ್ಥಳೀಯವಾಗಿ, ಅಂದರೆ ಯೋನಿಯೊಳಗೆ, ಬಳಸುವ ಈಸ್ಟ್ರೊಜೆನ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಅದೇ ನನಗೆ ಅತ್ಯಂತ ಬೇಸರದ ಸಂಗತಿ. ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು: ಇವು ಬಿಸಿ ಅಲೆಗಳಂತೆ ತಾವಾಗಿ ಹೋಗುವುದಿಲ್ಲ, ವಯಸ್ಸಾದಂತೆ ಹೆಚ್ಚುತ್ತವೆ. ಎಷ್ಟೋ ತಾಯಂದಿರು ವರ್ಷಗಟ್ಟಲೆ ಆ್ಯಂಟಿಬಯಾಟಿಕ್ ನುಂಗುತ್ತಾ, ಮದುವೆ ಮನೆಗೆ ಹೋಗಲೂ ಹೆದರುತ್ತಾ ಬದುಕುತ್ತಾರೆ. ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂ ಎಸ್ಟ್ರಡಿಯಾಲಿನ ಪುಟ್ಟ ಮಾತ್ರೆ ಅಥವಾ ಎಸ್ಟ್ರಿಯಾಲ್ ಎಂಬ ಇನ್ನೊಂದು ಈಸ್ಟ್ರೊಜೆನ್ನಿನ ಕ್ರೀಮು ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೆರಡು ಸಲ. ರಕ್ತಕ್ಕೆ ಸೇರುವುದು ಅತ್ಯಲ್ಪ. ಇದಕ್ಕೆ ಜೊತೆಯಾಗಿ ಪ್ರೊಜೆಸ್ಟೆರಾನ್ ಸಾಮಾನ್ಯವಾಗಿ ಬೇಕಿಲ್ಲ. 2022ರ ಸೆಪ್ಟೆಂಬರಿನಿಂದ ಬ್ರಿಟನ್ನಿನಲ್ಲಿ ಐವತ್ತು ದಾಟಿದ, ಮುಟ್ಟು ನಿಂತು ವರ್ಷವಾದ ಹೆಂಗಸರಿಗೆ ಈ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಔಷಧಿಕಾರರ ಬಳಿ ಸಿಗುತ್ತಿದೆ. ಜೆಲ್ ಹಚ್ಚುತ್ತಿದ್ದರೂ ನನಗೆ ಇದು ಪ್ರತ್ಯೇಕವಾಗಿ ಬೇಕಾಯಿತು.

ಚರ್ಮದಡಿ ಹೂಳುವ ಗುಳಿಗೆಯನ್ನು ನಾನು ಬಳಸಿಲ್ಲ, ಬಳಸುವುದೂ ಇಲ್ಲ. ಅಮೆರಿಕದಲ್ಲಿರುವ ಗೆಳತಿಯರಿಗೆ ಅದರ ಜಾಹೀರಾತು ಬಹಳ. ಅಕ್ಕಿಕಾಳಿನಷ್ಟು ಗುಳಿಗೆಯನ್ನು ಪಿರ್ರೆಯಲ್ಲಿ ಇಟ್ಟರೆ ಮೂರು ತಿಂಗಳಿಗೂ ಮೀರಿ ಚಿಂತೆಯಿಲ್ಲ ಎನ್ನುತ್ತಾರೆ. ಪ್ರಮಾಣ ಹೆಚ್ಚಾಯಿತು ಎನ್ನಿಸಿದರೆ ಜೆಲ್ಲನ್ನು ನಾಳೆಯೇ ನಿಲ್ಲಿಸಬಹುದು, ಪಟ್ಟಿಯನ್ನು ಈಗಲೇ ಕೀಳಬಹುದು. ಹೂತದ್ದು ಕರಗುವವರೆಗೂ ಇರುತ್ತದೆ. ಅಲ್ಲಿ ಮಾರಾಟವಾಗುವ ಎಸ್ಟ್ರಡಿಯಾಲ್ ಗುಳಿಗೆಗಳು ಕ್ಲಿನಿಕ್ಕುಗಳಿಗಾಗಿ ಬೆರೆಸಿ ತಯಾರಿಸಿದವು, ಅಮೆರಿಕದ ಔಷಧಿ ನಿಯಂತ್ರಕರ ಮಂಜೂರಾತಿ ಪಡೆದವಲ್ಲ. ಹೀಗೆ ಬೆರೆಸಿ ಕೊಡುವ ಹಾರ್ಮೋನುಗಳ ಸುರಕ್ಷತೆಗೆ ಸಾಕಷ್ಟು ಆಧಾರವಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳ 2020ರ ವರದಿಯೂ ಹೇಳಿದೆ. ಅದೇ ಎಸ್ಟ್ರಡಿಯಾಲ್ ನಿಯಂತ್ರಿತ ಪ್ರಮಾಣದಲ್ಲಿ ಜೆಲ್ ಆಗಿ ಸಿಗುವಾಗ ಸಾವಿರಾರು ಡಾಲರ್ ಯಾಕೆ ಸುರಿಯಬೇಕು?

ಖರ್ಚಿನ ಮಾತು ಬಂದಾಗ ಇಂಗ್ಲೆಂಡಿನಲ್ಲಿರುವವರು 2023ರ ಏಪ್ರಿಲ್‌ನಲ್ಲಿ ಶುರುವಾದ ಹಾರ್ಮೋನು ಚಿಕಿತ್ಸೆಯ ಮುಂಗಡ ಪಾವತಿ ಪತ್ರವನ್ನು ತೆಗೆದುಕೊಳ್ಳಿ. ಆಗ ಅದರ ಬೆಲೆ 19.30 ಪೌಂಡ್, ವರ್ಷವಿಡೀ ಎಷ್ಟು ಚೀಟಿ ಬಂದರೂ ಮತ್ತೆ ಕೊಡಬೇಕಿಲ್ಲ.

ಊರಿನಲ್ಲಿರುವ ನನ್ನ ಅಕ್ಕ ಈಗ ಜೆಲ್ ಮತ್ತು ರಾತ್ರಿಯ ಕ್ಯಾಪ್ಸೂಲಿನಲ್ಲಿದ್ದಾಳೆ. ಅಲ್ಲಿ ಅವಳಿಗೆ ಪಟ್ಟಿ ಸಿಗುವುದು ಕಷ್ಟವಾಯಿತು. ಜೆಲ್, ಎಸ್ಟ್ರಡಿಯಾಲ್ ವ್ಯಾಲರೇಟ್ ಮಾತ್ರೆ, ಎಸ್ಟ್ರಿಯಾಲ್ ಕ್ರೀಮು ಸಿಗುತ್ತವೆ. ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಅಲ್ಲಿ ಹೆಚ್ಚಾಗಿ ಗರ್ಭ ನಿಲ್ಲಲು ಬರೆದುಕೊಡುವ ಔಷಧಿ. ಆದ್ದರಿಂದ ಅಂಗಡಿಯವರು ಯಾರಿಗೆ ಎಂದು ಕೇಳಿದಾಗ ನನಗೇ ಎಂದು ನೇರವಾಗಿ ಹೇಳುತ್ತಾಳೆ. ಅವಳ ವೈದ್ಯೆ ಶುರುವಿಗೆ ಮೊದಲು ರಕ್ತದೊತ್ತಡ, ಸ್ತನ, ಗರ್ಭಕೋಶದ ಸ್ಕ್ಯಾನ್ ನೋಡಿದರು. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದರು. ಮುಟ್ಟು ನಿಂತ ಮೇಲೆ ಎಂದಾದರೂ ರಕ್ತ ಕಂಡರೆ ಆ ಮೂರು ತಿಂಗಳನ್ನೂ ಕಾಯದೆ ಬರಬೇಕು ಎಂದು ಚೀಟಿಯ ಮೇಲೆಯೇ ಬರೆದುಕೊಟ್ಟಿದ್ದಾರೆ.